ತೋಟದ ಪಂಪ್ ಕಂಟ್ರೋಲರ್: ಕರ್ನಲ್ ಒಳಗೆ ಏನಿರಬೇಕು, ಏನು ಹೊರಗಿರಬೇಕು?

ಪ್ರಶ್ನೆ – ಕೊಂಡಜ್ಜಿ ಕೆರೆ (ದಾವಣಗೆರೆ)

ಚನ್ನಗಿರಿ ಸೀಮೆಯ ಅಡಿಕೆ ತೋಟಗಳ ಬೋರ್‌ವೆಲ್‌ಗೆ ಕೂರಿಸುವ ಕಂಟ್ರೋಲರ್ ಪೆಟ್ಟಿಗೆ ಇದು. ಒಳಗೆ 32 ಬಿಟ್‌ನ ಆರ್ಮ್ ಬೋರ್ಡ್, 512 ಎಂಬಿ ರ‍್ಯಾಮ್, ಎಸ್‌ಡಿ ಕಾರ್ಡ್ ಮೇಲೆ ಲಿನಕ್ಸ್ 6.6. ಕೆಳಗೆ 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್. ಅದರ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟು ಕೊಡುವ, ಕಡಿಯುವ ದೊಡ್ಡ ಸ್ವಿಚ್) ಕಾಯಿಲ್ ಅನ್ನು ಒಂದು ಜಿಪಿಐಒ ಪಿನ್ನು (ಪ್ರೋಗ್ರಾಮ್ ಓದಬಲ್ಲ, ಮೇಲೆ ಕೆಳಗೆ ಮಾಡಬಲ್ಲ ಪಿನ್ನು) ರಿಲೇ ಮೂಲಕ ಎಳೆಯುತ್ತದೆ. ಪೈಪಿಗೆ ಹಾಲ್ ಸೆನ್ಸರ್‌ನ ಟರ್ಬೈನ್ ಮೀಟರ್, ಪೂರ್ತಿ ನೀರು ಹರಿದಾಗ ಸೆಕೆಂಡಿಗೆ ಸುಮಾರು 200 ಪಲ್ಸ್. ಮೂರೂ ಫೇಸಿನ ವೋಲ್ಟೇಜು, ಕರೆಂಟು ಎನರ್ಜಿ ಮೀಟರ್‌ನಿಂದ ಆರ್‌ಎಸ್-485 ತಂತಿಯಲ್ಲಿ ಬರುತ್ತದೆ: ಮಾಡ್‌ಬಸ್ (ಮೀಟರ್ ಜೊತೆ ಪ್ರಶ್ನೋತ್ತರ ನಡೆಸುವ ನಿಯಮ), 9600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್).

ಸದ್ಯ ಎಲ್ಲವೂ ಒಂದೇ ಪೈಥಾನ್ ಸ್ಕ್ರಿಪ್ಟ್. ತೊಂದರೆ ಎರಡು. ತೊಟ್ಟಿ ತುಂಬಿಸಿ ಅಳೆದರೆ 1000 ಲೀಟರಿಗೆ 60–70 ಲೀಟರ್ ಲೆಕ್ಕದಲ್ಲಿ ಕಡಿಮೆ ಬರುತ್ತದೆ. ಮಾಡ್‌ಬಸ್ ಉತ್ತರದ ಮೊದಲ ಬೈಟು ಆಗಾಗ ಕಾಣೆಯಾಗಿ ಸಿಆರ್‌ಸಿ (ಸಂದೇಶ ಸರಿಯಾಗಿ ಬಂತೇ ಎಂದು ತಾಳೆ ನೋಡುವ ಸಂಖ್ಯೆ) ತಪ್ಪುತ್ತದೆ.

ಹಾಗಾಗಿ ಎಲ್ಲವನ್ನೂ ಒಂದು ಕರ್ನಲ್ ಮಾಡ್ಯೂಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಸೇರಿ ಓಡುವ ತುಣುಕು) ಮಾಡುವ ಯೋಚನೆ ಇದೆ: ಪಲ್ಸ್ ಎಣಿಕೆ, ಮಾಡ್‌ಬಸ್ ಓದು, ನೀರು ಬತ್ತಿದಾಗ 100 ಮಿಲಿಸೆಕೆಂಡಿನೊಳಗೆ ಮೋಟರ್ ನಿಲ್ಲಿಸುವ ತೀರ್ಮಾನ, ತೋಟಕ್ಕೊಂದರಂತೆ ಬದಲಾಗುವ ಮಿತಿಗಳ ಕಾನ್ಫಿಗ್ ಫೈಲ್, ಎಲ್ಲ. ಕರ್ನಲ್ ಒಳಗಿದ್ದರೆ ವೇಗ, ಯಾರೂ ಅಡ್ಡ ಬರುವುದಿಲ್ಲ ಎಂಬ ಲೆಕ್ಕ. ಆರಂಭದಲ್ಲೇ ಒಂದು ಅಡ್ಡಿ: ಪಲ್ಸ್‌ನಿಂದ ಲೀಟರ್ ತೆಗೆಯುವ 64 ಬಿಟ್ ಭಾಗಾಕಾರಕ್ಕೆ "ಯುಎಲ್‌ಡಿವ್‌ಮಾಡ್ ಸಿಗುತ್ತಿಲ್ಲ" ಎಂದು ಲಿಂಕ್ ಎರರ್.

ಪಠ್ಯಪುಸ್ತಕದಲ್ಲಿ ಕರ್ನಲ್ ಕೆಲಸ ಎಂದರೆ ಪ್ರೊಸೆಸ್, ಮೆಮೊರಿ, ಫೈಲ್, ಡಿವೈಸ್ ಎಂಬ ಪಟ್ಟಿ ಇರುತ್ತದೆ. ನಮ್ಮದೇ ಕೋಡ್ ಬಂದಾಗ ಯಾವುದು ಒಳಗೆ, ಯಾವುದು ಹೊರಗೆ ಎಂದು ನಿರ್ಧರಿಸುವುದು ಹೇಗೆ?

---

ಉತ್ತರ 1 – ಚಂದ್ರವಳ್ಳಿ (ಚಿತ್ರದುರ್ಗ)

ವೇಗದ ಮಾತನ್ನು ಸ್ವಲ್ಪ ಹೊತ್ತು ಬದಿಗಿಡಿ. ಮೊದಲು ಕೇಳಿಕೊಳ್ಳಬೇಕಾದ್ದು: ಈ ಕೆಲಸವನ್ನು ಹೊರಗಿಟ್ಟರೆ ಅದು ಆಗುವುದೇ ಇಲ್ಲವೇ? 1995ರಲ್ಲಿ ಕರ್ನಲ್ ಸಂಶೋಧಕ ಯೋಹೆನ್ ಲೀಟ್ಕೆ ಮೈಕ್ರೊಕರ್ನಲ್‌ಗೆ (ಆದಷ್ಟು ಚಿಕ್ಕದಾಗಿಟ್ಟ ಕರ್ನಲ್) ಎಳೆದ ಗೆರೆ ಇದೇ. ಹೊರಗೆ ಹಾಕಿದರೆ ವ್ಯವಸ್ಥೆಗೆ ಬೇಕಾದ ಕೆಲಸವೇ ನಿಂತುಹೋಗುತ್ತದೆ ಎಂದಾದರೆ ಮಾತ್ರ ಒಳಗೆ ಜಾಗ. ಲಿನಕ್ಸ್ ಅಷ್ಟು ಬಿಗಿಯಲ್ಲ, ಆದರೂ ನಿಮ್ಮ ಕೋಡನ್ನು ಅಳೆಯಲು ಆ ಗೆರೆ ಚೆನ್ನಾಗಿದೆ.

ಒಳಗಿರಲೇಬೇಕಾದ್ದು ಯಾವುದು ಅಂದರೆ: ಒಬ್ಬರನ್ನೊಬ್ಬರು ನಂಬದ ಪ್ರೋಗ್ರಾಮ್‌ಗಳ ನಡುವೆ ಹಂಚಬೇಕಾದ ವಸ್ತು (ಸಿಪಿಯು ಸಮಯ, ಮೆಮೊರಿಯ ಪುಟಗಳು), ಇಂಟರಪ್ಟ್ (ಕೂಡಲೇ ಗಮನಿಸು ಎಂದು ಹಾರ್ಡ್‌ವೇರ್ ಕೊಡುವ ಸಂಕೇತ) ಬಂದ ಕ್ಷಣದಲ್ಲಿ ಹಾರ್ಡ್‌ವೇರ್‌ಗೆ ಕೊಡಬೇಕಾದ ಮೊದಲ ಉತ್ತರ, ಮತ್ತು ಯಾರಿಗೆ ಯಾವುದನ್ನು ಮುಟ್ಟುವ ಹಕ್ಕಿದೆ ಎಂಬ ಕಾವಲು. ಉಳಿದದ್ದು ಒಳಗೆ ಬರಬೇಕಾದರೆ ಬಲವಾದ ಕಾರಣ ಬೇಕು, ಅದನ್ನು ಅಳೆದು ತೋರಿಸಬೇಕು.

"ಯಾರೂ ಅಡ್ಡ ಬರುವುದಿಲ್ಲ" ಅಂದಿರಲ್ಲ, ಅಪಾಯ ಇರುವುದೇ ಅಲ್ಲಿ. ನಮ್ಮೂರಿನವರಿಗೆ ಕರ್ನಲ್ ಅಂದರೆ ಕೋಟೆ ನೆನಪಾಗುತ್ತದೆ. ಆದರೆ ಲಿನಕ್ಸ್ ಏಳು ಸುತ್ತಿನ ಕೋಟೆಯಲ್ಲ. ಎಕ್ಸ್86 ಚಿಪ್ಪು 4 ರಿಂಗ್ (ಹಕ್ಕಿನ ಮಟ್ಟ) ಕೊಟ್ಟರೂ ಲಿನಕ್ಸ್ ಬಳಸುವುದು 0 ಮತ್ತು 3 ಮಾತ್ರ. ನಿಮ್ಮ ಆರ್ಮ್ ಬೋರ್ಡಿನಲ್ಲೂ ಪ್ರೋಗ್ರಾಮ್‌ಗಳಿಗೊಂದು ಮಟ್ಟ, ಕರ್ನಲ್‌ಗೊಂದು ಮಟ್ಟ, ಅಷ್ಟೇ. ಹೊರಗೋಡೆ ಒಂದೇ, ಅದನ್ನು ದಾಟಿದವರಿಗೆ ಒಳಗೆ ಅಡ್ಡಗೋಡೆಗಳಿಲ್ಲ. ನಿಮ್ಮ ನೀರಿನ ಮೀಟರ್ ಕೋಡಿನಲ್ಲಿ ಒಂದು ಪಾಯಿಂಟರ್ ತಪ್ಪಿದರೆ ಅದು ಫೈಲ್ ಸಿಸ್ಟಮ್‌ನ ಮೆಮೊರಿಯ ಮೇಲೆ ಬರೆಯಬಹುದು. ಎಸ್‌ಡಿ ಕಾರ್ಡು ಹಾಳಾದದ್ದು ಮೂರು ದಿನದ ಮೇಲೆ ಗೊತ್ತಾಗಬಹುದು, ಆಗ ಮೀಟರ್ ಕೋಡಿನ ಮೇಲೆ ಯಾರಿಗೂ ಗುಮಾನಿ ಬರುವುದಿಲ್ಲ. 2001ರಲ್ಲಿ ಲಿನಕ್ಸ್ ಮೂಲವನ್ನು ಯಂತ್ರದಿಂದ ಶೋಧಿಸಿದ ಒಂದು ಅಧ್ಯಯನ, ಡ್ರೈವರ್‌ಗಳಲ್ಲಿನ ತಪ್ಪಿನ ದರ ಉಳಿದ ಕರ್ನಲ್‌ಗಿಂತ 3ರಿಂದ 7 ಪಟ್ಟು ಹೆಚ್ಚಿರುವುದನ್ನು ತೋರಿಸಿತು. ಕರ್ನಲ್‌ನ ನಡುಭಾಗವನ್ನು ಸಾವಿರಾರು ಜನ ದಿನವೂ ಬಳಸಿ ಪರೀಕ್ಷಿಸುತ್ತಾರೆ. ನಿಮ್ಮ ಮಾಡ್ಯೂಲನ್ನು ನೋಡುವವರು ನೀವು ಮೂವರೋ ನಾಲ್ವರೋ.

ಇನ್ನು ನಿಮ್ಮ ಪಟ್ಟಿ.

ಪಲ್ಸ್ ಬಂತು ಎಂದು ಹಿಡಿಯುವುದು, ಹಿಡಿದ ಹೊತ್ತನ್ನು ಗುರುತಿಸುವುದು ಕರ್ನಲ್‌ನ ಕೆಲಸ. ಇಂಟರಪ್ಟ್ ಅಲ್ಲೇ ಇಳಿಯುವುದರಿಂದ ಬೇರೆ ದಾರಿ ಇಲ್ಲ. ಎಷ್ಟು ಪಲ್ಸ್‌ಗೆ ಎಷ್ಟು ಲೀಟರ್ ಎಂಬುದು ಮೀಟರ್ ಬದಲಾದರೆ ಬದಲಾಗುವ ಸಂಖ್ಯೆ, ಅದು ಹೊರಗೆ. ನಿಮ್ಮ ಭಾಗಾಕಾರದ ಎರರ್ ಹೇಳುತ್ತಿರುವುದೂ ಅದನ್ನೇ. 32 ಬಿಟ್ ಆರ್ಮ್‌ನಲ್ಲಿ 64 ಬಿಟ್ ಭಾಗಾಕಾರಕ್ಕೆ ಕಂಪೈಲರ್ ಒಂದು ಸಹಾಯಕ ಫಂಕ್ಷನ್ ಕರೆಯುತ್ತದೆ, ಕರ್ನಲ್ ಅದನ್ನು ಬೇಕೆಂದೇ ಇಟ್ಟುಕೊಂಡಿಲ್ಲ. ಕರ್ನಲ್‌ನದೇ ಡಿವ್-ಯು64 ಫಂಕ್ಷನ್ ಬಳಸಿದರೆ ಎರರ್ ಹೋಗುತ್ತದೆ, ಆದರೆ ಬೆನ್ನಿಗೇ ದಶಾಂಶ ಬೇಕಾಗುತ್ತದೆ, ಕರ್ನಲ್‌ನಲ್ಲಿ ಫ್ಲೋಟಿಂಗ್ ಪಾಯಿಂಟನ್ನು ಹಾಗೇ ಬಳಸುವಂತಿಲ್ಲ. ದಶಾಂಶ ಲೆಕ್ಕ ನಡೆಯುವ ಪ್ರೊಸೆಸರ್ ರಿಜಿಸ್ಟರ್‌ಗಳಲ್ಲಿ ಆ ಹೊತ್ತಿಗೆ ಇರುವುದು ಯಾವುದೋ ಪ್ರೋಗ್ರಾಮಿನ ಲೆಕ್ಕ; ನೀವು ಮುಟ್ಟಿದರೆ ಅದು ಕೆಡುತ್ತದೆ. ಲೀಟರ್ ಲೆಕ್ಕಕ್ಕಾಗಿ ಇಷ್ಟು ಗುದ್ದಾಡುವ ಅಗತ್ಯ ಬಂದಿದೆ ಎಂದರೆ ಆ ಲೆಕ್ಕ ಅಲ್ಲಿಗೆ ಸೇರಿದ್ದಲ್ಲ.

ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿ) ಕೂಡ ಕಿರಿದು. ಹೊರಗಿನ ಪ್ರೋಗ್ರಾಮಿಗೆ ಸಾಮಾನ್ಯವಾಗಿ 8 ಎಂಬಿ ಸಿಕ್ಕರೆ 32 ಬಿಟ್ ಆರ್ಮ್ ಕರ್ನಲ್‌ನಲ್ಲಿ 8 ಕೆಬಿ. ಫಂಕ್ಷನ್ ಒಳಗೆ 4 ಕೆಬಿ ಬಫರ್ ಘೋಷಿಸಿದರೆ ಅರ್ಧ ಮುಗಿಯಿತು.

ಕಾನ್ಫಿಗ್ ಫೈಲನ್ನು ಕರ್ನಲ್ ಒಳಗಿಂದ ತೆರೆಯುವ ಯೋಚನೆ ಪೂರ್ತಿ ಬಿಡಿ. ಮಾಡ್ಯೂಲ್ ಏಳುವ ಹೊತ್ತಿಗೆ ಆ ಡಿಸ್ಕ್ ಮೌಂಟ್ ಆಗಿರುವ ಖಾತ್ರಿ ಇಲ್ಲ, ಯಾರ ಹಕ್ಕಿನಲ್ಲಿ ಫೈಲ್ ತೆರೆಯುತ್ತಿದ್ದೀರಿ ಎಂಬುದೂ ಸ್ಪಷ್ಟವಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತು, ಹೊರಗಿನವರು ಬರೆದ ಅಕ್ಷರಗಳನ್ನು ಗೋಡೆಯ ಒಳಗೆ ಬಿಡಿಸಿ ಓದುತ್ತಿದ್ದೀರಿ. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಅಪ್‌ಡೇಟ್‌ನಿಂದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ನಿಂತದ್ದರ ಬೇರು ಇಲ್ಲಿದೆ. ಕರ್ನಲ್ ಒಳಗಿನ ಡ್ರೈವರ್ 20 ಅಂಶಗಳನ್ನಷ್ಟೇ ಕೊಡುತ್ತಿತ್ತು, ಹೊಸದಾಗಿ ಬಂದ ಡೇಟಾ ಫೈಲ್ 21ನೆಯದನ್ನೂ ಕೇಳಿತು, ಕೋಡು ಮೆಮೊರಿಯ ಗಡಿ ದಾಟಿ ಓದಿತು. ಮೈಕ್ರೋಸಾಫ್ಟ್ ಅಂದಾಜಿನಲ್ಲಿ 85 ಲಕ್ಷ ಯಂತ್ರಗಳು ಬಿದ್ದವು. ಬದಲಾದದ್ದು ಡ್ರೈವರ್ ಅಲ್ಲ, ಅದು ಓದುವ ಡೇಟಾ ಮಾತ್ರ. ಅದೇ ಓದು ಹೊರಗಿನ ಪ್ರೊಸೆಸ್‌ನಲ್ಲಿ ನಡೆದಿದ್ದರೆ ಆ ಪ್ರೊಸೆಸ್ ಒಂದೇ ಸಾಯುತ್ತಿತ್ತು.

ಮಾಡ್ಯೂಲ್ ಬರೆಯಲೇಬೇಕಾಗಿ ಬಂದರೆ ಐಆಕ್ಟಲ್‌ಗಳನ್ನು (ಹೊರಗಿನ ಪ್ರೋಗ್ರಾಮ್ ಡ್ರೈವರ್‌ಗೆ ಆಜ್ಞೆ ಕೊಡುವ ಕರೆಗಳು) ಎಣಿಸಿ ಇಡಿ. ಒಂದೊಂದೂ ಗೋಡೆಯಲ್ಲಿ ಒಂದು ಕಿಂಡಿ. ಓಬವ್ವ ಒಬ್ಬಳೇ ನಿಂತು ಕಾಯಲು ಆದದ್ದು ಕಿಂಡಿ ಒಂದೇ ಇದ್ದು, ಒಬ್ಬೊಬ್ಬರಾಗಿ ತೂರಿ ಬರುವಷ್ಟೇ ಅಗಲ ಇದ್ದದ್ದರಿಂದ. ಪ್ರತಿ ಕಿಂಡಿಯಲ್ಲೂ ಉದ್ದ ಪರೀಕ್ಷಿಸಬೇಕು, ಪಾಯಿಂಟರನ್ನು ನೇರ ಮುಟ್ಟದೆ ಕಾಪಿ-ಫ್ರಮ್-ಯೂಸರ್ ಮೂಲಕವೇ ತರಬೇಕು, ಒಂದೇ ಬೆಲೆಯನ್ನು ಹೊರಗಿನ ಮೆಮೊರಿಯಿಂದ ಎರಡು ಸಲ ಓದಬಾರದು. ಮೊದಲ ಓದಿಗೂ ಎರಡನೆಯದಕ್ಕೂ ನಡುವೆ ಅದು ಬದಲಾಗಿರಬಹುದು.

---

ಉತ್ತರ 2 – ಬಾತಿ ಗುಡ್ಡ (ದಾವಣಗೆರೆ)

ಚಂದ್ರವಳ್ಳಿ ಅವರು ಹೇಳಿದ್ದಕ್ಕೆ ತಂತಿ ಕಡೆಯಿಂದ ಸೇರಿಸುತ್ತೇನೆ. ನಿಮ್ಮ ಎರಡೂ ತೊಂದರೆಗೆ ಬೇಕಾದ ತುಣುಕು ಕರ್ನಲ್‌ನಲ್ಲಿ ಆಗಲೇ ಇದೆ. ಹೊಸ ಮಾಡ್ಯೂಲ್ ಬೇಡ.

ಪಲ್ಸ್ ಯಾಕೆ ಕಳೆಯುತ್ತಿದೆ ನೋಡ್ರಿ. ಜಿಪಿಐಒ ಕ್ಯಾರೆಕ್ಟರ್ ಡಿವೈಸ್ (ಪಿನ್ನನ್ನು ಫೈಲಿನ ಹಾಗೆ ಓದುವ ದಾರಿ) ಮೂಲಕ ಓದುತ್ತಿದ್ದರೆ ಕರ್ನಲ್ ಪ್ರತಿ ಅಂಚಿಗೂ ಹೊತ್ತು ಬರೆದು ಸಾಲಿನಲ್ಲಿ ಇಡುತ್ತದೆ. ಆ ಸಾಲಿನ ಉದ್ದ ಬೇರೆ ಹೇಳದಿದ್ದರೆ ಪ್ರತಿ ಲೈನಿಗೆ 16. ಸೆಕೆಂಡಿಗೆ 200 ಪಲ್ಸ್ ಅಂದರೆ 80 ಮಿಲಿಸೆಕೆಂಡಿಗೆ ಸಾಲು ಭರ್ತಿ. ಏರುವ, ಇಳಿಯುವ ಎರಡೂ ಅಂಚು ಕೇಳಿದ್ದರೆ 40ಕ್ಕೇ. ಅದೇ ಸ್ಕ್ರಿಪ್ಟ್ ಎಸ್‌ಡಿ ಕಾರ್ಡಿಗೆ ಲಾಗ್ ಬರೆದು ಎಫ್‌ಸಿಂಕ್ (ಕಾರ್ಡಿಗೆ ಬರೆದು ಮುಗಿಯುವವರೆಗೆ ಕಾಯುವ ಕರೆ) ಕರೆದರೆ ಅಗ್ಗದ ಕಾರ್ಡುಗಳಲ್ಲಿ ನೂರಾರು ಮಿಲಿಸೆಕೆಂಡು ನಿಂತುಬಿಡುತ್ತದೆ. ಅಷ್ಟರಲ್ಲಿ ಬಂದ ಪಲ್ಸ್ ಹೋಯಿತು. ಇದನ್ನು ಖಚಿತ ಮಾಡಿಕೊಳ್ಳಬಹುದು: ಎರಡನೇ ಆವೃತ್ತಿಯ ಇಂಟರ್‌ಫೇಸ್‌ನಲ್ಲಿ (ಕರ್ನಲ್ 5.10ರಿಂದ) ಪ್ರತಿ ಘಟನೆಗೂ ಕ್ರಮಸಂಖ್ಯೆ ಇರುತ್ತದೆ. ಸಂಖ್ಯೆ ಹಾರಿದ್ದರೆ ಅಷ್ಟು ಕಳೆದಿದೆ ಎಂದು ಅರ್ಥ. ಬಫರನ್ನು 1024ಕ್ಕೆ ಏರಿಸಿದರೆ 5 ಸೆಕೆಂಡು ತಡೆಯುತ್ತದೆ.

ಇನ್ನೂ ಒಳ್ಳೆಯ ದಾರಿ ಕೌಂಟರ್ ಸಬ್‌ಸಿಸ್ಟಮ್‌ನ ಇಂಟರಪ್ಟ್-ಕೌಂಟರ್ ಡ್ರೈವರ್. ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಯಾವ ಹಾರ್ಡ್‌ವೇರ್ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಕಡತ) ಪಿನ್ ಹೆಸರಿಸಿ ನಾಲ್ಕು ಸಾಲು ಸೇರಿಸಿದರೆ ಸಾಕು. ಇಂಟರಪ್ಟ್ ಬಂದಾಗಲೆಲ್ಲ ಎಣಿಕೆ ಒಂದು ಏರುತ್ತದೆ, ನೀವು ಸಿಸ್‌ಎಫ್‌ಎಸ್‌ನಿಂದ (ಕರ್ನಲ್ ತನ್ನ ಬೆಲೆಗಳನ್ನು ಫೈಲಿನ ಹಾಗೆ ತೋರಿಸುವ ಜಾಗ) ಸೆಕೆಂಡಿಗೊಮ್ಮೆ ಓದಿ ಹಿಂದಿನದನ್ನು ಕಳೆದರೆ ಆಯಿತು. ನಿಮ್ಮ ಪ್ರೋಗ್ರಾಮ್ ಸತ್ತು ಮರಳಿ ಎದ್ದರೂ ಎಣಿಕೆ ಹಾಗೇ ಇರುತ್ತದೆ. ಬೋರ್ಡ್ ರೀಬೂಟ್ ಆದರೆ ಮಾತ್ರ ಸೊನ್ನೆ, ಒಟ್ಟು ಲೀಟರನ್ನು ಹೊರಗೆ ಉಳಿಸುವುದು ನಿಮ್ಮ ಹೊಣೆ. ಅದಕ್ಕೆ ಎಸ್‌ಡಿ ಕಾರ್ಡಿಗಿಂತ ಐ2ಸಿ ಮೇಲಿನ ಪುಟ್ಟ ಎಫ್‌ರ‍್ಯಾಮ್ ಚಿಪ್ (ಕರೆಂಟು ಹೋದರೂ ಬೆಲೆ ಉಳಿಸುವ ಮೆಮೊರಿ) ವಾಸಿ. ತ್ರೀಫೇಸ್ ಯಾವ ಗಳಿಗೆಯಲ್ಲಿ ಹೋಗುತ್ತದೆ ಎಂದು ಹೇಳಲಾಗದ ತೋಟದಲ್ಲಿ ಕಾರ್ಡಿಗೆ ಪದೇಪದೇ ಬರೆಯುವುದು ಕಾರ್ಡನ್ನು ಕೊಲ್ಲುತ್ತದೆ.

ಒಂದು ಎಚ್ಚರಿಕೆ. ಆ ಡ್ರೈವರ್ ಡಿಬೌನ್ಸ್ (ಅಂಚಿನ ನಡುಕದಿಂದ ಬರುವ ಸುಳ್ಳು ಪಲ್ಸ್ ಸೋಸುವುದು) ಮಾಡುವುದಿಲ್ಲ. ಹಾಲ್ ಸೆನ್ಸರ್ ಔಟ್‌ಪುಟ್ ಓಪನ್ ಕಲೆಕ್ಟರ್ ಆಗಿದ್ದರೆ ಪುಲ್‌ಅಪ್ ಅನ್ನು 3.3 ವೋಲ್ಟಿಗೇ ಕೊಡಿ, 5ಕ್ಕೆ ಕೊಟ್ಟರೆ ಪಿನ್ ಸುಡುತ್ತದೆ. ಮುಂದೆ 10 ಕಿಲೊಓಮ್, 10 ನ್ಯಾನೊಫ್ಯಾರಡ್ (0.1 ಮಿಲಿಸೆಕೆಂಡು), ಆಮೇಲೆ ಸ್ಮಿಟ್ ಟ್ರಿಗರ್ ಗೇಟ್. ಜಿಪಿಐಒ ದಾರಿಯಲ್ಲಿ ಹೋದರೆ ಕರ್ನಲ್‌ಗೇ ಡಿಬೌನ್ಸ್ ಹೇಳಬಹುದು, ಮೈಕ್ರೊಸೆಕೆಂಡಿನಲ್ಲಿ. ರೀಡ್ ಸ್ವಿಚ್ ಮೀಟರಿಗೆ ಬರೆದ ಉದಾಹರಣೆಗಳಲ್ಲಿ 5000 ಎಂದು ಇರುತ್ತದೆ. ಅದನ್ನು ಹಾಗೇ ಎತ್ತಿ ಹಾಕಿದರೆ ನಿಮ್ಮ 200 ಪಲ್ಸ್‌ನ ಅವಧಿಯೇ 5 ಮಿಲಿಸೆಕೆಂಡು, ಪೂರ್ತಿ ನೀರು ಹರಿಯುವಾಗ ಎಣಿಕೆ ಸೊನ್ನೆಯಾಗುತ್ತದೆ, ಬತ್ತುತ್ತಾ ಬಂದಾಗ ಸರಿಯಾಗುತ್ತದೆ. ತಲೆಕೆಳಗಾದ ಈ ಲಕ್ಷಣ ಕಂಡರೆ ಮೊದಲು ಡಿಬೌನ್ಸ್ ನೋಡಿ.

ಕಾಂಟ್ಯಾಕ್ಟರ್ ಕಾಯಿಲ್‌ಗೆ ಸ್ನಬ್ಬರ್ ಇರಲಿ. ಇಲ್ಲದಿದ್ದರೆ ಅದು ಬಿಡುವಾಗ ಏಳುವ ಕಿಡಿ ಸೆನ್ಸರ್ ತಂತಿಗೆ ಹಾರಿ ಸುಳ್ಳು ಪಲ್ಸ್ ಸುರಿಯುತ್ತದೆ. ಸ್ವಂತ ಇಂಟರಪ್ಟ್ ಹ್ಯಾಂಡ್ಲರ್ ಬರೆದು ಅದು "ಇದು ನನ್ನದಲ್ಲ" ಎಂದು ಹಿಂದಿರುಗಿಸುತ್ತಾ ಹೋದರೆ ಕರ್ನಲ್ 1,00,000 ಇಂಟರಪ್ಟ್‌ನಲ್ಲಿ 99,900ಕ್ಕಿಂತ ಹೆಚ್ಚು ಅನಾಥವಾದಾಗ ಆ ಲೈನನ್ನೇ ಮುಚ್ಚುತ್ತದೆ. ಆಮೇಲೆ ಮೀಟರ್ ಕಣ್ಣುಮುಚ್ಚಿದ ಹಾಗೆ.

ಈಗ ಆರ್‌ಎಸ್-485. ಎರಡೇ ತಂತಿ. ಕಳಿಸುವಾಗ ಟ್ರಾನ್ಸೀವರ್‌ನ (ತಂತಿಗೆ ಕಳಿಸುವ, ತಂತಿಯಿಂದ ಕೇಳುವ ಚಿಪ್) ಡಿಇ ಪಿನ್ ಮೇಲೆ, ಕೇಳುವಾಗ ಕೆಳಗೆ. 9600 ಬಾಡ್‌ನಲ್ಲಿ ಪ್ಯಾರಿಟಿ ಸೇರಿ 11 ಬಿಟ್‌ನ ಒಂದು ಬೈಟಿಗೆ 1.15 ಮಿಲಿಸೆಕೆಂಡು. ಮಾಡ್‌ಬಸ್ ನಿಯಮದಂತೆ ಮೀಟರ್ ಮೂರೂವರೆ ಬೈಟಿನ ಮೌನ, ಅಂದರೆ ಸುಮಾರು 4 ಮಿಲಿಸೆಕೆಂಡು ಕಳೆದ ಮೇಲೆ ಉತ್ತರ ಶುರು ಮಾಡಬಹುದು. ನಿಮ್ಮ ಪೈಥಾನ್ ಎಲ್ಲ ಬೈಟು ಹೋಯಿತೇ ಎಂದು ಕಾದು, ಎದ್ದು, ಪಿನ್ ಇಳಿಸುವ ಹೊತ್ತಿಗೆ 4 ಮಿಲಿಸೆಕೆಂಡು ಮೀರಿರುತ್ತದೆ. ಮೊದಲ ಬೈಟು ನುಂಗಿಹೋಗುವುದು ಅದಕ್ಕೇ. ಕೊನೆಯ ಸ್ಟಾಪ್ ಬಿಟ್ ಹೋದದ್ದು ನಿಖರವಾಗಿ ಗೊತ್ತಿರುವುದು ಯುಆರ್ಟ್ (ಸೀರಿಯಲ್ ಪೋರ್ಟಿನ ಹಾರ್ಡ್‌ವೇರ್) ಡ್ರೈವರ್‌ಗೆ ಮಾತ್ರ, ಹಾಗಾಗಿ ದಿಕ್ಕು ತಿರುಗಿಸುವ ಕೆಲಸ ಕರ್ನಲ್‌ನಲ್ಲೇ ಇರಬೇಕು. ಲಿನಕ್ಸ್ ಸೀರಿಯಲ್ ಡ್ರೈವರ್‌ಗಳಿಗೆ ಆರ್‌ಎಸ್-485 ಮೋಡ್ ಇದೆ: ಒಂದು ಐಆಕ್ಟಲ್, ಅಥವಾ ಡಿವೈಸ್ ಟ್ರೀಯಲ್ಲಿ ಒಂದು ಸಾಲು. ನಿಮ್ಮ ಯುಆರ್ಟ್ ಡ್ರೈವರ್ ಅದನ್ನು ಬೆಂಬಲಿಸದಿದ್ದರೆ ದಿಕ್ಕನ್ನು ತಾನೇ ನೋಡಿಕೊಳ್ಳುವ ಯುಎಸ್‌ಬಿ ಪರಿವರ್ತಕ ಹಾಕಿ. ಮಾಡ್‌ಬಸ್ ಭಾಷೆ, ಸಿಆರ್‌ಸಿ, ಯಾವ ರಿಜಿಸ್ಟರಿನಲ್ಲಿ ಯಾವ ಫೇಸಿನ ಕರೆಂಟು ಎಂಬುದೆಲ್ಲ ಹೊರಗೇ ಇರಲಿ. ಮೀಟರ್ ಕಂಪನಿ ಬದಲಾದರೆ ರಿಜಿಸ್ಟರ್ ನಕ್ಷೆ ಬದಲು, ಅದಕ್ಕಾಗಿ ಕರ್ನಲ್ ಮಾಡ್ಯೂಲ್ ಮರುಕಟ್ಟುವುದು ಹುಚ್ಚು.

---

ಉತ್ತರ 3 – ಮಾರಿಕಣಿವೆ (ಹಿರಿಯೂರು)

ಇವರಿಬ್ಬರ ತೀರ್ಮಾನಕ್ಕೆ ನನ್ನ ಒಪ್ಪಿಗೆ ಇದೆ. ಆದರೆ "ವೇಗವನ್ನು ಬದಿಗಿಡಿ" ಎಂಬ ಮಾತನ್ನು ಹಾಗೇ ಬಿಡಲಾರೆ. ವೇಗದ ಕಾರಣಕ್ಕೇ ಎಷ್ಟೋ ವಸ್ತು ಒಳಗೆ ಹೋಗಿದೆ, ಕೆಲವು ನ್ಯಾಯವಾಗಿಯೇ ಹೋಗಿವೆ. ಗೆರೆ ಎರಡೂ ಕಡೆ ಸರಿದಿದೆ, ಯಾಕೆ ಸರಿಯಿತು ಎಂದು ನೋಡಿದರೆ ನಿಮ್ಮ ಪ್ರಶ್ನೆಗೆ ಪಟ್ಟಿಗಿಂತ ಒಳ್ಳೆಯ ಉತ್ತರ ಸಿಗುತ್ತದೆ.

ಲಿನಕ್ಸ್ 2.4ರಲ್ಲಿ ಕರ್ನಲ್ ಒಳಗೇ ಒಂದು ಪುಟ್ಟ ವೆಬ್ ಸರ್ವರ್ ಇತ್ತು, ಹೆಸರು ಕೆಎಚ್‌ಟಿಟಿಪಿಡಿ. ಆಗಿನ ಮಟ್ಟಿಗೆ ವೇಗವಾಗಿಯೇ ಇತ್ತು. ಆದರೆ ಆ ವೇಗ ಬಂದದ್ದು ಎಚ್‌ಟಿಟಿಪಿ ಒಳಗಿತ್ತು ಎಂಬ ಕಾರಣಕ್ಕಲ್ಲ. ಫೈಲಿನ ಬೈಟುಗಳನ್ನು ಹೊರಗಿನ ಮೆಮೊರಿಗೆ ನಕಲಿಸಿ ಮತ್ತೆ ಒಳಗೆ ತರುವುದು ತಪ್ಪಿತ್ತು, ಸಾವಿರ ಸಾಕೆಟ್‌ಗಳಲ್ಲಿ ಯಾವುದು ಸಿದ್ಧ ಎಂದು ಪ್ರತಿ ಸಲ ಎಲ್ಲವನ್ನೂ ತಡಕುವುದು ತಪ್ಪಿತ್ತು. ಮೊದಲನೆಯದಕ್ಕೆ ಸೆಂಡ್‌ಫೈಲ್, ಎರಡನೆಯದಕ್ಕೆ ಇಪೋಲ್ ಸಿಕ್ಕ ಮೇಲೆ ಹೊರಗಿನ ಸರ್ವರ್‌ಗಳೂ ಅಷ್ಟೇ ಓಡಿದವು, 2.6ರಲ್ಲಿ ಕೆಎಚ್‌ಟಿಟಿಪಿಡಿ ಇರಲಿಲ್ಲ. ಫ್ಯೂಟೆಕ್ಸ್ ಎಂಬ ಲಾಕ್ ವ್ಯವಸ್ಥೆ ಕೂಡ ಹಾಗೆಯೇ: ಲಾಕ್ ಖಾಲಿ ಇದ್ದರೆ ಹೊರಗಿನ ಪ್ರೋಗ್ರಾಮ್ ಒಂದು ಅಟಾಮಿಕ್ ಸೂಚನೆಯಲ್ಲಿ ಹಿಡಿದುಕೊಳ್ಳುತ್ತದೆ, ಕಾಯಬೇಕಾಗಿ ಬಂದಾಗ ಮಾತ್ರ ಕರ್ನಲ್‌ನ ಬಾಗಿಲು ತಟ್ಟುತ್ತದೆ. ನಿಮ್ಮ ಡಿಇ ಪಿನ್ನಿನ ವಿಷಯದಲ್ಲಿ ಬಾತಿ ಗುಡ್ಡ ಅವರು ಮಾಡಿದ್ದೂ ಇದನ್ನೇ. ಮಾಡ್‌ಬಸ್ ಇಡೀ ಒಳಗೆ ಬೇಕು ಅನ್ನಿಸುತ್ತಿತ್ತು, ಕೆದಕಿ ನೋಡಿದರೆ ಒಳಗೆ ಬೇಕಾದದ್ದು ಒಂದು ಪಿನ್ನು ಇಳಿಸುವ ಗಳಿಗೆ ಮಾತ್ರ.

ಒಳಗೆ ಹೋದದ್ದೂ ಸರಿಯಾದ ಉದಾಹರಣೆ: ಪರದೆಯ ಮೋಡ್ ಹೊಂದಿಸುವ ಕೆಲಸ. ಮೊದಲು ಎಕ್ಸ್ ಸರ್ವರ್ (ಪರದೆ ನೋಡಿಕೊಳ್ಳುವ ಹೊರಗಿನ ಪ್ರೋಗ್ರಾಮ್) ರೂಟ್ ಹಕ್ಕಿನಲ್ಲಿ ಗ್ರಾಫಿಕ್ಸ್ ಚಿಪ್ಪಿನ ರಿಜಿಸ್ಟರ್‌ಗಳನ್ನು ನೇರ ಬರೆಯುತ್ತಿತ್ತು, ಅದೇ ಚಿಪ್ಪನ್ನು ಕರ್ನಲ್‌ನ ಕನ್ಸೋಲ್ ಕೂಡ ಮುಟ್ಟುತ್ತಿತ್ತು. ಇಬ್ಬರು ಯಜಮಾನರಾದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಸಸ್ಪೆಂಡ್‌ನಿಂದ ಎದ್ದರೆ ಪರದೆ ಕಪ್ಪು. 2009ರಲ್ಲಿ 2.6.29ರಿಂದ ಆ ಕೆಲಸ ಕರ್ನಲ್‌ಗೆ ಬಂತು. ಇಲ್ಲಿ ಕಾರಣ ವೇಗ ಅಲ್ಲ, ಹಂಚಿಕೆಯ ವಸ್ತುವಿಗೆ ಒಬ್ಬನೇ ಯಜಮಾನ ಬೇಕಿತ್ತು.

ವಿಂಡೋಸ್ ಎನ್‌ಟಿ 4.0, 1996, ವೇಗಕ್ಕಾಗಿ ವಿಂಡೋ ಮ್ಯಾನೇಜರ್ ಮತ್ತು ಚಿತ್ರ ಬಿಡಿಸುವ ಕೋಡನ್ನು ಕರ್ನಲ್‌ಗೆ ಎಳೆದುಕೊಂಡಿತು. ಅದರ ಜೊತೆ ಫಾಂಟ್ ಫೈಲ್ ಬಿಡಿಸುವ ಕೋಡೂ ಒಳಗಾಯಿತು. 2011ರ ಡುಕು ಎಂಬ ದಾಳಿಕೋರ ತಂತ್ರಾಂಶ ಬಂದದ್ದು ವರ್ಡ್ ಕಡತದೊಳಗೆ ಅಡಗಿದ್ದ ಫಾಂಟ್ ಮೂಲಕ: ಫಾಂಟ್ ಕರ್ನಲ್‌ನಲ್ಲಿ ಬಿಚ್ಚಿಕೊಂಡಿತು, ಪೂರ್ತಿ ಯಂತ್ರ ಕೈಗೆ ಸಿಕ್ಕಿತು. ವಿಂಡೋಸ್ 10ರಲ್ಲಿ ಫಾಂಟ್ ಬಿಡಿಸುವ ಕೆಲಸವನ್ನು ಮತ್ತೆ ಹೊರಗಿನ, ಹಕ್ಕು ಕಡಿಮೆ ಇರುವ ಪ್ರೊಸೆಸ್‌ಗೆ ಹಾಕಿದರು.

ಹೊರಗಿಟ್ಟರೆ ನಿಧಾನ ಎಂಬ ನಂಬಿಕೆಗೂ ಒಂದು ಅಂಕಿ. 486 ಯಂತ್ರದ ಮೇಲೆ ಮಾಕ್ ಎಂಬ ಮೈಕ್ರೊಕರ್ನಲ್‌ನಲ್ಲಿ ಹೊರಗಿನ ಪ್ರೊಸೆಸ್‌ಗಳ ನಡುವೆ ಒಂದು ಪುಟ್ಟ ಸಂದೇಶ ಕಳಿಸಲು 115 ಮೈಕ್ರೊಸೆಕೆಂಡು ಹಿಡಿಯುತ್ತಿತ್ತು, 1993ರಲ್ಲಿ ಲೀಟ್ಕೆ ತನ್ನ ಎಲ್3 ಕರ್ನಲ್‌ನಲ್ಲಿ ಅದನ್ನು 5ರ ಆಸುಪಾಸಿಗೆ ಇಳಿಸಿದರು. ಮೈಕ್ರೊಕರ್ನಲ್ ಪರವಾಗಿದ್ದ ಪ್ರೊಫೆಸರ್ ತನೆನ್‌ಬಾಮ್ ಮತ್ತು ಲಿನಕ್ಸ್ ಬರೆದ ಟೊರ್ವಾಲ್ಡ್ಸ್ ನಡುವೆ 1992ರಲ್ಲಿ ನಡೆದ ವಾದದ ಹೊತ್ತಿಗೆ ಈ ಫಲಿತಾಂಶ ಯಾರ ಕೈಯಲ್ಲೂ ಇರಲಿಲ್ಲ. ಆಗ "ಮೈಕ್ರೊಕರ್ನಲ್ ನಿಧಾನ" ಅಂದದ್ದು ಆಗಿನ ಕರ್ನಲ್‌ಗಳಿಗೆ ನಿಜ, ವಿನ್ಯಾಸಕ್ಕೆ ನಿಜವಲ್ಲ. ಅದೇ ಕುಲದ ಎಸ್‌ಇಎಲ್4 ಮೈಕ್ರೊಕರ್ನಲ್‌ನ ಸಿ ಕೋಡು ಸುಮಾರು 8,700 ಸಾಲು. 2009ರಲ್ಲಿ ಅದು ತನ್ನ ನಿರೂಪಣೆಯಂತೆಯೇ ನಡೆಯುತ್ತದೆ ಎಂದು ಗಣಿತದ ಮೂಲಕ ಸಾಧಿಸಲಾಯಿತು. ಅಷ್ಟು ಚಿಕ್ಕದಿದ್ದುದರಿಂದಲೇ ಅದು ಸಾಧ್ಯವಾಯಿತು.

ನಿಮ್ಮ ಪೆಟ್ಟಿಗೆಯ ಲೆಕ್ಕ ಹಾಕಿ ನೋಡಿ. ಪ್ರೋಗ್ರಾಮ್ ಬದಲಾಯಿಸಲು ಕರ್ನಲ್‌ಗೆ ಕೆಲವು ಮೈಕ್ರೊಸೆಕೆಂಡು. 6 ರಿಜಿಸ್ಟರ್ ಕೇಳುವ ಮಾಡ್‌ಬಸ್ ಪ್ರಶ್ನೆ 8 ಬೈಟು, ಉತ್ತರ 17 ಬೈಟು, ತಂತಿಯ ಮೇಲೇ 29 ಮಿಲಿಸೆಕೆಂಡು. ಕೋಡನ್ನು ಎಲ್ಲಿಟ್ಟರೂ ಆ 29 ಕಡಿಮೆಯಾಗುವುದಿಲ್ಲ.

---

ಕೊಂಡಜ್ಜಿ ಕೆರೆ (ಪ್ರಶ್ನೆ ಕೇಳಿದವರು)

ಕ್ರಮಸಂಖ್ಯೆ ನೋಡಿದೆವು, ಲಾಗ್ ಬರೆಯುವಾಗಲೇ ಹಾರುತ್ತಿದೆ. ಇಂಟರಪ್ಟ್-ಕೌಂಟರ್‌ಗೆ ಬದಲಾಯಿಸುತ್ತಿದ್ದೇವೆ. ಉಳಿದದ್ದು ಮೋಟರ್ ನಿಲ್ಲಿಸುವ ತೀರ್ಮಾನ. ಅದು ಹೊರಗಿನ ಪ್ರೋಗ್ರಾಮಿನಲ್ಲಿದ್ದು ಆ ಪ್ರೋಗ್ರಾಮೇ ಸಿಕ್ಕಿಹಾಕಿಕೊಂಡರೆ ಮೋಟರ್ ಸುಡುತ್ತದೆ. ಇದಾದರೂ ಕರ್ನಲ್‌ಗೆ ಹೋಗಬೇಕಲ್ಲವೇ?

---

ಉತ್ತರ 4 – ಬಾತಿ ಗುಡ್ಡ

ಬೇಡ. ಅದು ಕರ್ನಲ್‌ಗಿಂತಲೂ ಕೆಳಗೆ ಇಳಿಯಬೇಕು.

ಮೊದಲು ಆ 100 ಮಿಲಿಸೆಕೆಂಡನ್ನು ಬಿಡಿ. ನೀರು ಬತ್ತಿದಾಗ ಮೋಟರ್ ಹೊರೆ ಕಳೆದುಕೊಂಡು ಕರೆಂಟು ಇಳಿಯುತ್ತದೆ. ಸಾಮಾನ್ಯ ಡ್ರೈ-ರನ್ ರಿಲೇಗಳೂ ಪೂರ್ಣ ಹೊರೆಯ ಕರೆಂಟಿನ ಇಂತಿಷ್ಟು ಭಾಗಕ್ಕಿಂತ ಕೆಳಗೆ ಕೆಲವು ಸೆಕೆಂಡು ನಿಂತರೆ ಮಾತ್ರ ಕಡಿಯುತ್ತವೆ. ಪೈಪಿನಲ್ಲಿ ಗಾಳಿ ಸಿಕ್ಕಾಗಲೆಲ್ಲ ಕಡಿದರೆ ದಿನಕ್ಕೆ ಇಪ್ಪತ್ತು ಸಲ ಸ್ಟಾರ್ಟ್ ಆಗಿ ವೈಂಡಿಂಗ್ ಇನ್ನೂ ಬೇಗ ಸಾಯುತ್ತದೆ. ಶೇ 60 ಮತ್ತು 5 ಸೆಕೆಂಡಿನಿಂದ ಶುರು ಮಾಡಿ, ಆಯಾ ಬೋರ್‌ವೆಲ್‌ನ ಕರೆಂಟು ಅಳೆದು ತಿದ್ದಿ. ಒಂದು ಫೇಸ್ ಹೋದಾಗ ಕಡಿಯುವ ಕೆಲಸ ಓವರ್‌ಲೋಡ್ ರಿಲೇ ಮತ್ತು ಸಿಂಗಲ್ ಫೇಸಿಂಗ್ ಪ್ರಿವೆಂಟರ್‌ದು. ಆ ಎರಡೂ ಲಿನಕ್ಸ್ ಇಲ್ಲದಿದ್ದರೂ ನಡೆಯುವಂತೆ ಕಾಯಿಲ್ ತಂತಿಯಲ್ಲೇ ಸೀರೀಸ್ ಆಗಿ ಇರಬೇಕು.

ಈಗ ಸಿಕ್ಕಿಹಾಕಿಕೊಳ್ಳುವ ಮಾತು. ಕರ್ನಲ್ ಪ್ಯಾನಿಕ್ ಆದಾಗ (ಸರಿಪಡಿಸಲಾಗದ ತಪ್ಪು ಕಂಡು ತಾನೇ ನಿಂತಾಗ) ಜಿಪಿಐಒ ಪಿನ್ ಕಡೆಯ ಸಲ ಬರೆದ ಸ್ಥಿತಿಯಲ್ಲೇ ನಿಲ್ಲುತ್ತದೆ. ಪಿನ್ ಮೇಲಿದ್ದರೆ ಮೋಟರ್ ಓಡುತ್ತಲೇ ಇರುತ್ತದೆ, ನಿಲ್ಲಿಸುವವರೇ ಇಲ್ಲ. ಇಂಟರಪ್ಟ್ ಒಳಗೆ ತಪ್ಪಾದರೆ ನೇರ ಪ್ಯಾನಿಕ್. ಪ್ಯಾನಿಕ್ ಆದ ಮೇಲೆ ಎಷ್ಟು ಸೆಕೆಂಡಿಗೆ ರೀಬೂಟ್ ಎಂಬ ಮೂಲ ಬೆಲೆ 0, ಅಂದರೆ ಎಂದೆಂದಿಗೂ ಇಲ್ಲ. ಅದನ್ನು 10 ಮಾಡಿ, ಊಪ್ಸ್ (ತಪ್ಪಾದರೂ ಕರ್ನಲ್ ಮುಂದುವರಿಯಲು ನೋಡುವ ಸ್ಥಿತಿ) ಆದರೂ ಪ್ಯಾನಿಕ್ ಆಗುವಂತೆ ಹೇಳಿ. ತೀರ್ಮಾನದ ಕೋಡನ್ನು ಕರ್ನಲ್‌ಗೆ ಹಾಕುವುದೆಂದರೆ ಈ ಪ್ಯಾನಿಕ್‌ನ ಸಾಧ್ಯತೆಯನ್ನು ನೀವೇ ಹೆಚ್ಚಿಸಿದ ಹಾಗೆ.

ಆದ್ದರಿಂದ ರಿಲೇಯನ್ನು ಪಿನ್ನಿನ ಮಟ್ಟದಿಂದ ಎಳೆಯಬೇಡಿ, ಮಿಡಿತದಿಂದ ಎಳೆಯಿರಿ. ಪಿನ್ ಮೇಲೆ ಕೆಳಗೆ ಆಗುತ್ತಿದ್ದರೆ ಮಾತ್ರ ಕೆಪಾಸಿಟರ್ ಮೂಲಕ ಚಾರ್ಜ್ ಏರಿ ಟ್ರಾನ್ಸಿಸ್ಟರ್ ತೆರೆದಿರುವ ಚಾರ್ಜ್ ಪಂಪ್ ಸರ್ಕಿಟ್ ಹಾಕಿ, ಇಲ್ಲವೇ ಅದೇ ಕೆಲಸಕ್ಕೆ ಒಂದು ಪುಟ್ಟ ಮೈಕ್ರೊಕಂಟ್ರೋಲರ್. ಸೆಕೆಂಡಿಗೆ 10 ಮಿಡಿತ ಕೊಡಿ, 1 ಸೆಕೆಂಡು ನಿಂತರೆ ಕಾಂಟ್ಯಾಕ್ಟರ್ ಬೀಳಲಿ. ಪಿನ್ ಮೇಲೆ ಅಂಟಿದರೂ ಕೆಳಗೆ ಅಂಟಿದರೂ ಮೋಟರ್ ನಿಲ್ಲುತ್ತದೆ.

ಆ ಮಿಡಿತವನ್ನು ಯಾರು ಕೊಡಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಕರ್ನಲ್ ಟೈಮರ್‌ಗೆ ಕೊಟ್ಟರೆ ಗಡಿಯಾರದ ಹಾಗೆ ನಿಖರ. ಆದರೆ ತೀರ್ಮಾನ ಮಾಡುವ ಪ್ರೋಗ್ರಾಮ್ ಸತ್ತ ಮೇಲೂ ಮಿಡಿತ ನಡೆದೇ ಇರುತ್ತದೆ. ಪ್ರೋಗ್ರಾಮಿನಲ್ಲೇ ಬೇರೆ ಥ್ರೆಡ್‌ಗೆ ಕೊಟ್ಟರೂ ಅದೇ ಗತಿ. ಮೀಟರ್ ಓದಿ, ಸಿಆರ್‌ಸಿ ಸರಿ ಬಂದು, ಕರೆಂಟು ಮಿತಿಯಲ್ಲಿದೆ ಎಂದು ಕಂಡ ಲೂಪ್ ಒಂದು ಸುತ್ತು ಮುಗಿದಾಗ ಮುಂದಿನ ಅರ್ಧ ಸೆಕೆಂಡಿನ ಮಿಡಿತಕ್ಕೆ ಮಾತ್ರ ಅನುಮತಿ ಕೊಡಬೇಕು. ಲಾಗ್ ಬರೆಯುವುದು ಬೇರೆ ಪ್ರೊಸೆಸ್ ಆಗಲಿ, ಎಫ್‌ಸಿಂಕ್‌ಗಾಗಿ ಈ ಲೂಪ್ ಯಾವತ್ತೂ ನಿಲ್ಲಬಾರದು. ಇದಕ್ಕೆ ಶೆಡ್-ಫಿಫೊ ಆದ್ಯತೆ (ಸಿಪಿಯು ಮೊದಲು ಸಿಗಲು) ಮತ್ತು ಎಮ್‌ಲಾಕ್‌ಆಲ್ (ಪ್ರೋಗ್ರಾಮಿನ ಪುಟಗಳು ಮೆಮೊರಿಯಲ್ಲೇ ಉಳಿಯಲು) ಸಾಕು. ಕಾಂಟ್ಯಾಕ್ಟರ್ ಬೀಳಲು ಹತ್ತಿಪ್ಪತ್ತು ಮಿಲಿಸೆಕೆಂಡು ತೆಗೆದುಕೊಳ್ಳುವಾಗ ಮೈಕ್ರೊಸೆಕೆಂಡುಗಳ ಹಿಂದೆ ಹೋಗುವ ಅಗತ್ಯ ಇಲ್ಲ.

---

ಉತ್ತರ 5 – ಚಂದ್ರವಳ್ಳಿ

ಹಾರ್ಡ್‌ವೇರ್ ವಾಚ್‌ಡಾಗ್‌ಗೂ (ಆಗಾಗ ಸಂಕೇತ ಉಣಿಸದಿದ್ದರೆ ಬೋರ್ಡನ್ನು ರೀಸೆಟ್ ಮಾಡುವ ಟೈಮರ್) ಇದೇ ನ್ಯಾಯ. ಬೂಟ್‌ಲೋಡರ್ ಅದನ್ನು ಶುರು ಮಾಡಿದ್ದರೆ, ಹೊರಗಿನ ಪ್ರೋಗ್ರಾಮ್ ವಾಚ್‌ಡಾಗ್ ಡಿವೈಸ್ ತೆರೆಯುವವರೆಗೆ ಕರ್ನಲ್ ತಾನೇ ಅದಕ್ಕೆ ಉಣಿಸುತ್ತಿರುತ್ತದೆ, ಬೂಟ್ ನಡುವೆ ರೀಸೆಟ್ ಆಗದಿರಲೆಂದು. ನಿಮ್ಮ ಪ್ರೋಗ್ರಾಮ್ ಏಳಲೇ ಇಲ್ಲ ಎಂದಾದರೆ ಮೂಲ ಹೊಂದಿಕೆಯಲ್ಲಿ ಅದು ಕೊನೆಯಿಲ್ಲದೆ ಉಣಿಸುತ್ತಲೇ ಇರುತ್ತದೆ. ಕರ್ನಲ್ ಬೂಟ್ ಸಾಲಿನಲ್ಲಿ ವಾಚ್‌ಡಾಗ್‌ನ ಓಪನ್-ಟೈಮ್‌ಔಟ್ 120 ಸೆಕೆಂಡು ಎಂದು ಕೊಡಿ. ನೋ-ವೇ-ಔಟ್ ಕೂಡ ಆನ್ ಮಾಡಿ, ಪ್ರೋಗ್ರಾಮ್ ಡಿವೈಸ್ ಮುಚ್ಚಿ ಹೊರಟರೂ ವಾಚ್‌ಡಾಗ್ ನಿಲ್ಲದಿರಲಿ.

ಮಿತಿಗಳ ಫೈಲನ್ನು ತೋಟಕ್ಕೆ ಕಳಿಸುವಾಗ ಹೊಸ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ರಿನೇಮ್ ಮಾಡಿ. ನಡುವೆ ಕರೆಂಟ್ ಹೋದರೆ ಹಳೆಯದಾದರೂ ಪೂರ್ತಿ ಇರುತ್ತದೆ. ಓದುವಾಗ ಪ್ರತಿ ಬೆಲೆಗೂ ಕನಿಷ್ಠ, ಗರಿಷ್ಠ ನೋಡಿ. ಒಂದು ತಪ್ಪಿದರೂ ಹಳೆಯ ಮಿತಿಗಳಲ್ಲೇ ಮುಂದುವರಿದು ಎಚ್ಚರಿಕೆ ಕಳಿಸಬೇಕು.

ಈ ಪ್ರಕಾರ ಮಾಡಿದರೆ ನೀವು ಬರೆದ ಒಂದು ಸಾಲೂ ಕರ್ನಲ್ ಒಳಗೆ ಇರುವುದಿಲ್ಲ, ಡಿವೈಸ್ ಟ್ರೀ ಮಾತ್ರ ನಿಮ್ಮದು. 6.6ರಿಂದ 6.12ಕ್ಕೆ ಏರಿದಾಗ ಅದರ ಲಾಭ ಕಾಣುತ್ತದೆ. ಕರ್ನಲ್ ಒಳಗಿನ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, 6.6ಕ್ಕೆ ಕಟ್ಟಿದ ಮಾಡ್ಯೂಲ್ 6.12ರಲ್ಲಿ ಲೋಡ್ ಆಗುವುದಿಲ್ಲ. ಹೊರಗಿನ ಪ್ರೋಗ್ರಾಮಿಗೆ ಕರ್ನಲ್ ಕೊಟ್ಟ ಇಂಟರ್‌ಫೇಸ್ ಮಾತ್ರ ಮುರಿಯಬಾರದು ಎಂಬುದು ಅಲ್ಲಿಯ ಗಟ್ಟಿ ನಿಯಮ. ಡಿವೈಸ್ ಟ್ರೀ ಬದಲಾಯಿಸಿದ ಮೇಲೆ ಮೋಟರ್ ತಂತಿ ಬಿಚ್ಚಿ, ಕಾಂಟ್ಯಾಕ್ಟರ್ ಮಾತ್ರ ಇಟ್ಟು ಮೂರು ಪರೀಕ್ಷೆ ಮಾಡಿ: ಪ್ರೋಗ್ರಾಮಿಗೆ ಕಿಲ್ ಮೈನಸ್ 9 (ಕೂಡಲೇ ಕೊಲ್ಲುವ ಆಜ್ಞೆ), ಅದನ್ನೇ ಸಿಗ್‌ಸ್ಟಾಪ್‌ನಿಂದ ನಿಲ್ಲಿಸುವುದು, ಸಿಸ್‌ಆರ್‌ಕ್ಯು (ಕರ್ನಲ್‌ಗೇ ನೇರ ಕೊಡುವ ಆಜ್ಞೆ) ಮೂಲಕ ಕರ್ನಲ್ ಅನ್ನೇ ಬೀಳಿಸುವುದು. ಮೂರರಲ್ಲೂ 1 ಸೆಕೆಂಡಿನ ಆಸುಪಾಸಿನಲ್ಲಿ ಕಾಂಟ್ಯಾಕ್ಟರ್ ಬಿಟ್ಟ ಸದ್ದು ಕೇಳಬೇಕು. ಕೇಳದಿದ್ದರೆ ಮೋಟರ್ ಜೋಡಿಸಬೇಡಿ.